ಇನ್ನೂರ ಹದಿನಾಲ್ಕು ಗುಂಡಿ

ಮನುಷ್ಯ ಏನನ್ನು ಬೇಕಾದರೂ ಸಹಿಸಿಕೊಳ್ಳಬಹುದು. ಮೇಲಧಿಕಾರಿಯ ಬೈಗುಳ, ಹಲ್ಲುನೋವು, ನೆಂಟರ ಬುದ್ಧಿಮಾತು, ಇವನ್ನೆಲ್ಲ ಲಿಫ್ಟಪ್ಪನವರು ಐವತ್ತೆರಡು ವರ್ಷ ಸಹಿಸಿಕೊಂಡೇ ಬಂದಿದ್ದರು. ಆದರೆ ಒಂದು ವರ್ಷ ಸೊಂಟ ಬಗ್ಗಿಸಿ ಕಟ್ಟಿದ ವಿಮಾನವನ್ನು ಇಡೀ ಬೀದಿ ಸೇರಿ ಕಕ್ಕಸು ಎಂದು ಕರೆದರೆ? ಅದನ್ನೂ ಸಹಿಸುವುದಕ್ಕೆ ಅವರೇನು ಕಲ್ಲಿನ ಗೊಂಬೆಯೇ?

ಲಿಫ್ಟಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವರ ಕೆಲಸ ಲಿಫ್ಟು ರಿಪೇರಿ. ಇಪ್ಪತ್ತಾರು ವರ್ಷದಿಂದ ಕೆಟ್ಟು ನಿಂತ ಲಿಫ್ಟುಗಳನ್ನು ಏರಿಸುವುದು, ಇಳಿಸುವುದು, ಒಳಗೆ ಸಿಕ್ಕಿಕೊಂಡವರ ಶಾಪ ಕೇಳುವುದು, ಇಷ್ಟೇ. ಏರಿ ಇಳಿದದ್ದನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಚಂದ್ರಲೋಕದ ಹತ್ತಿರ ಹತ್ತಿರವಾದರೂ ಹೋಗಿರಬೇಕು. ಆದರೆ ಒಂದೇ ಸಲಕ್ಕೆ ಹನ್ನೊಂದನೇ ಮಹಡಿಗಿಂತ ಮೇಲೆ ಅವರು ಹೋದವರಲ್ಲ. ವಿಮಾನವನ್ನಂತೂ ಹತ್ತಿದವರೇ ಅಲ್ಲ.

ಇದು ಅವರ ಷಡ್ಡಕನಿಗೆ ಚೆನ್ನಾಗಿ ಗೊತ್ತಿತ್ತು. ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ನೀರಿನ ಪಂಪು ಮಾರುವ ಕಂಪನಿಯಲ್ಲಿದ್ದ. ಕೆಲಸದ ಮೇಲೆ ಹನ್ನೊಂದು ಸಲ ವಿಮಾನ ಹತ್ತಿದ್ದ. ಆ ಹನ್ನೊಂದನ್ನೂ ಅವನು ಊಟಕ್ಕೆ ಬಂದಾಗಲೆಲ್ಲ ಮತ್ತೆ ಮತ್ತೆ ಹತ್ತುತ್ತಿದ್ದ.

"ಭಾವ, ವಿಮಾನ ಮೇಲಕ್ಕೆ ಏಳುವಾಗ ಹೊಟ್ಟೇಲಿ ಒಂಥರಾ ಆಗುತ್ತೆ ನೋಡಿ, ಅದನ್ನ ಮಾತಲ್ಲಿ ಹೇಳೋಕಾಗಲ್ಲ. ನಿಮಗೆ ಹೇಗೆ ಅರ್ಥ ಮಾಡಿಸ್ಲಿ? ಹಾಂ, ಲಿಫ್ಟ್ ಥರ ಅನ್ಕೊಳ್ಳಿ. ಆದ್ರೆ ದೊಡ್ಡದು."

ಲಿಫ್ಟಪ್ಪನವರ ಕೈಯಲ್ಲಿದ್ದ ನೀರಿನ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಲಿಫ್ಟ್ ಥರವಂತೆ! ಆದರೆ ದೊಡ್ಡದಂತೆ!

"ಒಳಗೆ ಕೂತ್ಕೊಳ್ಳೋದೇನು ಮಹಾ? ಮೂಟೆ ಇಟ್ರೆ ಮೂಟೇನೂ ಕೂತ್ಕೊಳ್ಳುತ್ತೆ. ಮುಂದ್ಗಡೆ ಕೂತು ವಿಮಾನ ಬಿಡೋಕೆ ಬರುತ್ತಾ ನಿನಗೆ?"

"ನಿಮಗೆ ಬರುತ್ತೋ?"

"ಬರುತ್ತೆ."

ಈ ಮಾತನ್ನು ಲಿಫ್ಟಪ್ಪನವರು ಆಡಲಿಲ್ಲ. ಅವರ ಬಾಯಿ ಆಡಿತು. ಅವರಿಗೆ ತಿಳಿಯುವಷ್ಟರಲ್ಲಿ ಮಾತು ಊಟದ ಮೇಜಿನ ಆ ತುದಿ ಮುಟ್ಟಿಯಾಗಿತ್ತು.

"ಕೇಳಿದ್ರಾ ಅಕ್ಕಾ? ಭಾವ ವಿಮಾನ ಬಿಡ್ತಾರಂತೆ!" ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ದಿನ ಬರೀ ರೈಲು ಬಿಡ್ತಿದ್ರು!"

"ಬರೋ ವರ್ಷ ಇದೇ ಹೊತ್ತಿಗೆ ಬಾ. ಇದೇ ಮನೇಲಿ, ನಿನ್ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಹಾರಿಸಿ, ವಾಪಸ್ ನೆಲಕ್ಕೆ ಇಳಿಸದೇ ಹೋದ್ರೆ, ಈ ಬೀದಿಯವರು ನನ್ನನ್ನ ಏನಂತ ಬೇಕಾದ್ರೂ ಕರೀಲಿ!"

ಆ ಕೊನೆಯ ಮಾತೊಂದನ್ನು ಆಡಬಾರದಿತ್ತು.

* * *

ವಿಮಾನದ ಮೂತಿಯಲ್ಲಿ ಚಾಲಕರು ಕೂರುವ ಪುಟ್ಟ ಜಾಗಕ್ಕೆ ಕಾಕ್‌ಪಿಟ್ ಎನ್ನುತ್ತಾರೆ. ಅಲ್ಲಿರುವಂಥದೇ ಗುಂಡಿಗಳು, ಸನ್ನೆಗೋಲುಗಳು, ಮುಳ್ಳು ತಿರುಗುವ ಮೀಟರುಗಳನ್ನು ಮನೆಯಲ್ಲಿ ಕೂರಿಸಿ, ಎದುರಿಗೆ ಮೂರು ಪರದೆ ನಿಲ್ಲಿಸಿ, ಎಲ್ಲವನ್ನೂ ಒಂದು ಕಂಪ್ಯೂಟರಿಗೆ ಜೋಡಿಸಿದರೆ ವಿಮಾನ ಹಾರಿಸಿದ ಹಾಗೇ ಆಗುತ್ತದೆ. ಕೋಣೆ ಕದಲುವುದಿಲ್ಲ, ಪರದೆಯ ಮೇಲಿನ ಆಕಾಶ ಕದಲುತ್ತದೆ. ಲೋಕದಲ್ಲಿ ಇಂಥದನ್ನು ಕಟ್ಟುವವರು ಬೇಕಾದಷ್ಟು ಜನ ಇದ್ದಾರೆಂದು ಲಿಫ್ಟಪ್ಪನವರು ಕಂಪ್ಯೂಟರಿನಲ್ಲಿ ನೋಡಿ ತಿಳಿದುಕೊಂಡರು. ತಮ್ಮ ಬೀದಿಯಲ್ಲಿ ಒಬ್ಬರೂ ಇಲ್ಲವೆಂದು ನೋಡದೆಯೇ ತಿಳಿದುಕೊಂಡರು.

ಜಾಗಕ್ಕೇನೂ ತೊಂದರೆಯಾಗಲಿಲ್ಲ. ಅವರು ಬಾಡಿಗೆಗಿದ್ದ ಮೊದಲನೇ ಮಹಡಿಯಲ್ಲಿ ಹೆಂಡತಿಯ ಹೊಲಿಗೆ ಕೋಣೆ ಇತ್ತು. ಆಕೆ ಟೈಲರ್ ಅಂಗಡಿಗಳಿಂದ ಬಟ್ಟೆ ತಂದು ಕಾಜಾ ಹೊಲಿದು, ಗುಂಡಿ ಹಚ್ಚಿ, ಅಂಚು ಮಡಿಚಿ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಹೊಲಿಗೆ ಯಂತ್ರ ಅಡುಗೆಮನೆಯಲ್ಲಿ ನೀರಿನ ಡ್ರಮ್ಮಿನ ಪಕ್ಕಕ್ಕೆ ಬಂದು ನಿಂತಿತು. ಆಕೆ ಯಂತ್ರವನ್ನು ನೋಡಿದಳು, ಗಂಡನನ್ನು ನೋಡಿದಳು, ಡ್ರಮ್ಮಿಗೆ ಮುಚ್ಚಳ ಹಾಕಿದಳು. ಅಷ್ಟೇ.

ಸಾಮಾನುಗಳು ಒಂದೊಂದಾಗಿ ಬಂದವು. ಚಾಲಕನ ಕುರ್ಚಿ ಗುಜರಿ ಬಸ್ಸಿನದು. ಪಕ್ಕದ ಸಹಚಾಲಕನ ಕುರ್ಚಿ, ಮುಚ್ಚಿಹೋದ ಕ್ಷೌರದಂಗಡಿಯದು; ಹಿಡಿ ಎಳೆದರೆ ಏರುತ್ತಿತ್ತು, ಒತ್ತಿದರೆ ಇಳಿಯುತ್ತಿತ್ತು. ಚಕ್ರ ಇಳಿಸುವ ಸನ್ನೆಗೋಲಿನ ತುದಿಗೆ ಕುಕ್ಕರಿನ ಹಿಡಿ ಬಂತು. ಕುಕ್ಕರನ್ನು ಆಕೆ ಅಂದಿನಿಂದ ಬಟ್ಟೆಯಲ್ಲಿ ಹಿಡಿದು ಇಳಿಸುತ್ತಿದ್ದಳು.

ಇನ್ನು ಗುಂಡಿಗಳು. ಕೆಲಸ ಮುಗಿದ ಹಳೆಯ ಲಿಫ್ಟುಗಳಿಂದ ಲಿಫ್ಟಪ್ಪನವರು ಒಂದೊಂದೇ ಗುಂಡಿ ತೆಗೆದು ತಂದರು. ಎಂಜಿನ್ ಚಾಲೂ ಮಾಡುವ ಗುಂಡಿಯ ಮೇಲೆ 3 ಎಂದಿತ್ತು. ದೀಪದ ಗುಂಡಿಯ ಮೇಲೆ 7 ಎಂದಿತ್ತು. ಇನ್ನೂರು ಗುಂಡಿ ಕೂತ ಮೇಲೆ ಹದಿನಾಲ್ಕು ಕಡಿಮೆ ಬಿದ್ದವು. ಆಗ ಅವರ ಕಣ್ಣು ಹೊಲಿಗೆ ಡಬ್ಬಿಯ ಮೇಲೆ ಬಿತ್ತು. ಯಾರದೋ ಕೋಟಿಗೆಂದು ಆಕೆ ತಂದಿಟ್ಟಿದ್ದ ಹದಿನಾಲ್ಕು ದಪ್ಪ ಕಪ್ಪು ಗುಂಡಿ ಅದರಲ್ಲಿದ್ದವು.

"ರೀ, ಅದು ಬೇರೆಯವರದು."

"ಹೊಸದು ಬರೋವರೆಗೆ ಅಷ್ಟೇ ಕಣೇ. ಎರಡು ದಿನ."

ಎರಡು ದಿನ ಕಳೆದು ಐದು ತಿಂಗಳಾಗಿತ್ತು. ಕೋಟಿನವರು ಮೂರು ಸಲ ಬಂದು ಹೋಗಿದ್ದರು.

ಇಷ್ಟರ ಮೇಲೆ ಒಂದು ದನಿಪೆಟ್ಟಿಗೆ. ಅದು ಒಂದು ದೊಡ್ಡ ಲಿಫ್ಟಿನ ಗಂಟಲು. ಅದನ್ನು ಲಿಫ್ಟಪ್ಪನವರು ವಿಮಾನದ ಎತ್ತರಕ್ಕೆ ಜೋಡಿಸಿದ್ದರು. ಸಾವಿರ ಅಡಿ ಏರಿದರೆ ಒಬ್ಬಳು ಹೆಂಗಸು ಇಂಪಾಗಿ "ಒಂದನೇ ಮಹಡಿ" ಎನ್ನುತ್ತಿದ್ದಳು. ಐದು ಸಾವಿರಕ್ಕೆ "ಐದನೇ ಮಹಡಿ." ಸರಿಯಾಗಿ ನೆಲ ಮುಟ್ಟಿ ನಿಂತರೆ "ನೆಲ ಮಹಡಿ" ಎನ್ನಬೇಕಾಗಿತ್ತು. ಆದರೆ ಆ ಮಾತನ್ನು ಆ ಪೆಟ್ಟಿಗೆಯಿಂದ ಇನ್ನೂ ಯಾರೂ ಕೇಳಿರಲಿಲ್ಲ. ಲಿಫ್ಟಪ್ಪನವರು ಏರುವುದರಲ್ಲಿ ನಿಸ್ಸೀಮರು. ಇಳಿಯುವುದರಲ್ಲಿ ಮಾತ್ರ ಪ್ರತಿಸಲವೂ ಏನಾದರೊಂದು ಆಗುತ್ತಿತ್ತು. ಪರದೆ ಕೆಂಪಾಗುತ್ತಿತ್ತು, ವಿಮಾನ ಇಲ್ಲವಾಗುತ್ತಿತ್ತು.

"ಇವತ್ತೂ ಸಮುದ್ರಕ್ಕಾ?" ಅಡುಗೆಮನೆಯಿಂದ ಹೆಂಡತಿ ಕೇಳುತ್ತಿದ್ದಳು.

"ಸಮುದ್ರ ಅಲ್ಲ ಕಣೇ, ಗುಡ್ಡ!"

"ಇಳಿಯೋ ಹೊತ್ನಲ್ಲಿ ಅಷ್ಟೊಂದು ಗುಂಡಿ ಯಾಕ್ರೀ ಒತ್ತುತೀರಾ? ನೆಲ ನೋಡ್ಬಾರ್ದಾ?"

"ನಿನಗೇನು ಗೊತ್ತು? ಇರೋದು ಒತ್ತೋಕೇ ಅಲ್ವಾ?"

ಆಕೆಗೆ ಗೊತ್ತಿದ್ದುದು ಒಂದೇ. ಆ ಇನ್ನೂರ ಹದಿನಾಲ್ಕು ಗುಂಡಿಗಳ ನಡುವಿನ ಧೂಳನ್ನು ವಾರಕ್ಕೆರಡು ಸಲ ಬಣ್ಣದ ಬ್ರಷ್ಷಿನಿಂದ ಒರೆಸುವವಳು ತಾನು ಎಂಬುದು. ಅದಕ್ಕೇ ಉಳಿದ ತುಂಡು ಬಟ್ಟೆಗಳನ್ನು ಸೇರಿಸಿ, ಹಲಗೆಯ ಅಳತೆ ತೆಗೆದು, ಅಂಚಿಗೆ ಎಲಾಸ್ಟಿಕ್ ಕೊಟ್ಟು, ಒಂದು ಗವಸು ಹೊಲಿದಿದ್ದಳು. ಅದನ್ನು ಕಂಡು ಲಿಫ್ಟಪ್ಪನವರು ಉರಿದುಬಿದ್ದರು.

"ಗವಸು? ವಿಮಾನಕ್ಕೆ ಗವಸು? ಇದೇನು ಹೊಲಿಗೆ ಮಿಷನ್ನಾ? ತೆಗೆದಿಡು ಅತ್ಲಾಗೆ!"

ಆಕೆ ಮಡಿಚಿ ಕಪಾಟಿನಲ್ಲಿಟ್ಟಳು.

* * *

ಕೆಳಗಿನ ಮನೆಯಲ್ಲಿದ್ದವರು ನಿವೃತ್ತ ಮೇಷ್ಟರು. ನಲವತ್ತು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿದವರು. ಅವರ ಬಲಗಿವಿ ಕೆಲಸ ಬಿಟ್ಟಿತ್ತು, ಎಡಗಿವಿ ಮನಸ್ಸು ಬಂದಾಗ ಕೆಲಸ ಮಾಡುತ್ತಿತ್ತು. ಅವರೆದುರು ಇಂಗ್ಲಿಷ್ ಮಾತು ಬೆರೆಸಿದರೆ ಎರಡೂ ಕಿವಿ ಮುಚ್ಚಿಬಿಡುತ್ತಿದ್ದವು. ಬೀದಿಯ ತುಂಬ ಇದ್ದ ರಸ್ತೆಗುಂಡಿಗಳ ವಿಚಾರವಾಗಿ ಅವರು ಪುರಸಭೆಗೆ ಒಂಬತ್ತು ಅರ್ಜಿ ಬರೆದಿದ್ದರು. ಕಾಗುಣಿತದ ತಪ್ಪಿಲ್ಲದ ಒಂಬತ್ತು ಅರ್ಜಿ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಷಡ್ಡಕ ಬರಬೇಕಾಗಿದ್ದ ಭಾನುವಾರಕ್ಕೆ ಹತ್ತು ದಿನ ಇರುವಾಗ ಮೇಷ್ಟರು ಮೆಟ್ಟಿಲ ಮೇಲೆ ಲಿಫ್ಟಪ್ಪನವರನ್ನು ಅಡ್ಡಗಟ್ಟಿದರು.

"ಏನಯ್ಯಾ ಅದು, ನನ್ನ ತಲೆ ಮೇಲೆ ದಿನಾ ಕೊರೆಯೋ ಸದ್ದು?"

"ಕಾಕ್‌ಪಿಟ್ ಮಾಡ್ತಿದೀನಿ ಮೇಷ್ಟ್ರೇ."

"ಕಕ್ಕಸ್ ಪಿಟ್ಟಾ?"

"ಹೂಂ, ಕಾಕ್‌ಪಿಟ್ಟು."

"ಎಲ್ಲಿ?"

"ನಿಮ್ಮ ಮಲಗೋ ಕೋಣೆ ಇದೆಯಲ್ಲ, ಅದರ ಮೇಲ್ಗಡೆ ರೂಮಲ್ಲಿ."

ಮೇಷ್ಟರು ಕಂಬಿ ಹಿಡಿದುಕೊಂಡರು. "ಇರೋದು ಸಾಲದಾ ನಿನಗೆ?"

"ಇರೋದೆಲ್ಲಿ ಮೇಷ್ಟ್ರೇ? ಈ ಬೀದೀಲಿ ಒಬ್ಬರ ಮನೇಲೂ ಇಲ್ಲ. ನಮ್ಮದೇ ಮೊದಲು. ಇನ್ನು ಸ್ವಲ್ಪ ಬಟನ್ ಕೆಲಸ ಬಾಕಿ ಇದೆ."

"ಏನು ಕೆಲಸ? ನಮ್ಮ ಭಾಷೇಲಿ ಹೇಳು. ನಮ್ಮಲ್ಲಿ ಮಾತಿಲ್ವಾ?"

"ತಪ್ಪಾಯ್ತು ಮೇಷ್ಟ್ರೇ. ಗುಂಡಿ. ಗುಂಡಿ ಕೆಲಸ. ಒಟ್ಟು ಇನ್ನೂರ ಹದಿನಾಲ್ಕು ಗುಂಡಿ."

"ಇನ್ನೂರ..."

"ಹದಿನಾಲ್ಕು. ಒಂದ್ಸಲ ಒಂದೇ ದಿನಕ್ಕೆ ಮೂವತ್ತು ಗುಂಡಿ ತೆಗೆದೆ ನೋಡಿ. ಕೈ ಪಳಗಿಬಿಟ್ಟಿದೆ."

"ಅಯ್ಯಾ, ಮನೇಲಿರೋದು ನೀವಿಬ್ರು!"

"ನಿಜವಾದ್ದರಲ್ಲಿ ಇನ್ನೂ ಜಾಸ್ತಿ ಇರ್ತವೆ ಮೇಷ್ಟ್ರೇ. ಎದುರಿಗೆ, ಪಕ್ಕದಲ್ಲಿ, ತಲೆ ಮೇಲೂ ಇರ್ತವೆ. ಕೂತಲ್ಲಿಂದ್ಲೇ ಎಲ್ಲಾ ಕೈಗೆ ಸಿಗ್ಬೇಕು."

"ತಲೆ ಮೇಲೂ?"

"ಹೂಂ. ಪೂರ್ತಿಯಾದ ಮೇಲೆ ನಿಮ್ಮನ್ನ ಕರೆದು ಕೂರಿಸ್ತೀನಿ. ಎರಡು ಸೀಟು ಮಾಡಿದೀನಿ, ಪಕ್ಕಪಕ್ಕ. ಮಾತಾಡ್ತಾ ಕೂತ್ಕೋಬಹುದು."

ಮೇಷ್ಟರು ನೇರ ಒಳಗೆ ಹೋಗಿ, ಮಂಚವನ್ನು ಕೋಣೆಯ ನಡುವಿನಿಂದ ಗೋಡೆಗೆ ತಳ್ಳಿ, ಹತ್ತನೇ ಅರ್ಜಿ ಬರೆಯಲು ಕೂತರು. ಲಿಫ್ಟಪ್ಪನವರು ಮೆಟ್ಟಿಲೇರುತ್ತ ಹೆಂಡತಿಗೆ ಹೇಳಿದರು: "ಮೇಷ್ಟ್ರು ಬೆರಗಾಗಿಬಿಟ್ರು ಕಣೇ. ಬಾಯಿಂದ ಮಾತೇ ಹೊರಡ್ಲಿಲ್ಲ."

* * *

ಒಂಬತ್ತು ಅರ್ಜಿಗೆ ಮಿಸುಕದ ಪುರಸಭೆ ಹತ್ತನೆಯದಕ್ಕೆ ಮೂರೇ ದಿನದಲ್ಲಿ ಎದ್ದು ಕೂತಿತು. ಬಾಗಿಲಿಗೆ ನೋಟಿಸು ಅಂಟಿತು. "ಸದರಿ ಮನೆಯ ಮೊದಲನೇ ಮಹಡಿಯಲ್ಲಿ ಅನುಮತಿ ಇಲ್ಲದೆ ತೋಡಲಾದ ಇನ್ನೂರ ಹದಿನಾಲ್ಕು ಕಕ್ಕಸು ಗುಂಡಿಗಳನ್ನು ಭಾನುವಾರದೊಳಗೆ ಮುಚ್ಚತಕ್ಕದ್ದು. ತಪ್ಪಿದಲ್ಲಿ ಪುರಸಭೆಯೇ ನೆಲ ಒಡೆದು ಸದರಿ ರಚನೆಯನ್ನು ತೆರವುಗೊಳಿಸುವುದು."

ಲಿಫ್ಟಪ್ಪನವರು ಅದನ್ನು ಒಂದು ಸಲ ಓದಿದರು. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು. ಆಮೇಲೆ ಅವರ ಬಾಯಿಂದ ಬಂದ ಸದ್ದು ಯಾವ ಭಾಷೆಯದೂ ಆಗಿರಲಿಲ್ಲ.

ಅವರಿಗಿಂತ ಮೊದಲೇ ಬೀದಿ ಅದನ್ನು ಓದಿಯಾಗಿತ್ತು. ಇಸ್ತ್ರಿ ಅಂಗಡಿಯವನು ಅವರ ಅಂಗಿಗಳನ್ನು ಕೋಲಿನ ತುದಿಯಲ್ಲಿ ಎತ್ತಿ ಕೊಟ್ಟ. ಮೂಲೆಮನೆಯಾಕೆ ಅವರನ್ನು ಕಂಡೊಡನೆ ಮೂಗಿಗೆ ಕರವಸ್ತ್ರ ಹಿಡಿದಳು. ದಾಟಿಹೋದ ಮೇಲೆ ತೆಗೆದು, ಯಾವ ವಾಸನೆಯೂ ಇಲ್ಲದ್ದನ್ನು ಕಂಡು ನಿರಾಶೆಯಿಂದ ಮತ್ತೆ ಹಿಡಿದಳು. ಎದುರುಮನೆಯವರು ಮಾತ್ರ ಬಹಳ ವಿನಯದಿಂದ ಬಂದರು.

"ನಮ್ಮನೇಗೆ ಮುಂದಿನ ವಾರ ನಲವತ್ತು ಜನ ನೆಂಟರು ಬರ್ತಿದಾರೆ ಸಾರ್. ನಮ್ಮಲ್ಲಿರೋದು ಒಂದೇ. ನಿಮ್ಮಲ್ಲಿ ಅಷ್ಟೊಂದಿದೆಯಲ್ಲ... ಒಂದು ಹತ್ತು ನಮಗೆ ಬಿಟ್ಕೊಟ್ರೆ..."

"ಅದು ವಿಮಾನ ಕಣ್ರೀ! ವಿಮಾನ!"

"ಆಗ್ಲಿ ಸಾರ್, ನೀವು ಅದಕ್ಕೆ ಏನ್ ಹೆಸರಿಟ್ಟಿದ್ರೂ ನಮಗೆ ಪರವಾಗಿಲ್ಲ."

ಮರುದಿನ ಲಿಫ್ಟಪ್ಪನವರು ಕೆಲಸಕ್ಕೆ ರಜೆ ಹಾಕಿ, ಒಳ್ಳೆಯ ಅಂಗಿ ತೊಟ್ಟು, ಪುರಸಭೆಗೆ ನುಗ್ಗಿದರು. ಕಿಟಕಿಯ ಹಿಂದೆ ಒಬ್ಬಳು ಗುಮಾಸ್ತೆ ಟೀ ಲೋಟದ ಮೇಲೆ ಫೈಲು ಮುಚ್ಚಿಟ್ಟು ಕೂತಿದ್ದಳು.

"ಮೇಡಂ, ಇದು ಅನ್ಯಾಯ. ಕಾಕ್‌ಪಿಟ್ ಅಂದ್ರೆ ವಿಮಾನದ್ದು."

"ವಿಮಾನದ ಕಕ್ಕಸು ಮನೇಲಿ ಯಾಕ್ರೀ ಮಾಡಿದ್ರಿ?"

"ಕಕ್ಕಸಲ್ಲ! ಕಾಕ್! ಕಾಕ್!"

ಹಿಂದೆ ಸಾಲಿನಲ್ಲಿದ್ದವರು ಕಾಗೆ ಬಂದಿತೇನೋ ಎಂದು ಮೇಲೆ ನೋಡಿದರು. ಗುಮಾಸ್ತೆ ಫೈಲು ತೆರೆದಳು.

"ಕೂಗಾಡ್ಬೇಡಿ. ಕೇಳಿದ್ದಕ್ಕೆ ಉತ್ತರ ಕೊಡಿ. ಮಹಡಿ ಮೇಲೆ ಗುಂಡಿ ಇರೋದು ಹೌದೋ ಅಲ್ವೋ?"

ಲಿಫ್ಟಪ್ಪನವರು ಸುಳ್ಳಾಡುವವರಲ್ಲ. "ಹೌದು."

"ಎಷ್ಟು?"

"ಇನ್ನೂರ ಹದಿನಾಲ್ಕು."

"ಯಾರು ತೆಗೆದಿದ್ದು?"

"ನಾನೇ. ನನ್ನ ಸ್ವಂತ ಕೈಯಾರೆ ತೆಗೆದದ್ದು!" ಇಲ್ಲಿ ಅವರ ಎದೆ ತಾನಾಗಿ ಉಬ್ಬಿತು.

"ಅರ್ಜೀಲೂ ಇಷ್ಟೇ ಇರೋದು. ಮತ್ತೆ ತಕರಾರೇನು?" ಆಕೆ 'ಖುದ್ದಾಗಿ ಬಂದು ಒಪ್ಪಿಕೊಂಡಿರುತ್ತಾರೆ' ಎಂದು ಬರೆದು ಮುದ್ರೆ ಒತ್ತಿದಳು.

"ನೀವು ಮೊದಲು ನಮ್ಮ ಬೀದಿ ಗುಂಡಿ ಮುಚ್ಚಿ! ನನ್ನ ಮನೆ ಗುಂಡಿ ಆಮೇಲೆ ನೋಡೋಣ!"

"ಅದು ರಸ್ತೆ ವಿಭಾಗ. ನಾಲ್ಕನೇ ಮಹಡಿ. ಮೆಟ್ಟಿಲು ಹತ್ತಿ ಹೋಗಿ, ಲಿಫ್ಟು ಕೆಟ್ಟಿದೆ."

ಕೆಟ್ಟ ಲಿಫ್ಟನ್ನು ಕಂಡರೆ ಲಿಫ್ಟಪ್ಪನವರ ಕೈ ಸುಮ್ಮನಿರುತ್ತಿರಲಿಲ್ಲ. ಆ ದಿನ ಜೀವಮಾನದಲ್ಲಿ ಮೊದಲ ಸಲ ಒಂದು ಕೆಟ್ಟ ಲಿಫ್ಟನ್ನು ಹಾಗೇ ಕೆಟ್ಟು ಬಿದ್ದಿರಲು ಬಿಟ್ಟು ಹೊರಗೆ ಬಂದರು. ಅವರ ಸಿಟ್ಟು ಎಷ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

* * *

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನೈರ್ಮಲ್ಯ ಇನ್‌ಸ್ಪೆಕ್ಟರು ಬಂದರು. ಅವರ ಹಿಂದೆ ಹಾರೆ ಬುಟ್ಟಿ ಹಿಡಿದ ಇಬ್ಬರು ಆಳುಗಳು. ಆಳುಗಳ ಹಿಂದೆ ಎರಡು ಟ್ರ್ಯಾಕ್ಟರು ಮಣ್ಣು. ಟ್ರ್ಯಾಕ್ಟರುಗಳ ಹಿಂದೆ, ಮುಂದಕ್ಕೆ ಬರಲಾಗದೆ ರಸ್ತೆಗುಂಡಿಯೊಂದರಲ್ಲಿ ಚಕ್ರ ಇಳಿಸಿಕೊಂಡು, ಷಡ್ಡಕನ ಕಾರು. ಕೊಟ್ಟ ಮಾತಿನ ಪ್ರಕಾರ ಅವನು ಒಂದು ವರ್ಷಕ್ಕೆ ಸರಿಯಾಗಿ ಬಂದಿದ್ದ.

ಎಲ್ಲರೂ ಒಟ್ಟಿಗೇ ಮೆಟ್ಟಿಲು ಹತ್ತಿದರು. ಮೇಷ್ಟರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊನೆಯಲ್ಲಿ ಬಂದರು.

"ಎಲ್ರೀ ಗುಂಡಿ?" ಎಂದರು ಇನ್‌ಸ್ಪೆಕ್ಟರು.

ಲಿಫ್ಟಪ್ಪನವರು ಕೋಣೆಯ ಬಾಗಿಲನ್ನು ಧಡಾರನೆ ತೆರೆದರು. ಎರಡು ಕುರ್ಚಿ, ಮೂರು ಪರದೆ, ಹಲಗೆಯ ತುಂಬ ಮಿನುಗುವ ಗುಂಡಿಗಳು.

"ಇವೇ ನೋಡಿ ನಿಮ್ಮ ಕಕ್ಕಸು ಗುಂಡಿ! ಎಣಿಸ್ಕೊಳ್ಳಿ! ಹಾಕಿ ಮಣ್ಣು! ಹಾಕ್ರೀ!"

ಆಳುಗಳು ಬುಟ್ಟಿ ಕೆಳಗಿಟ್ಟು ಪರದೆಯ ಮೇಲಿನ ಮೋಡ ನೋಡುತ್ತ ನಿಂತರು. ಮೇಷ್ಟರು ಮೂಗಿನ ಬಟ್ಟೆ ಬಿಚ್ಚಿ ಹತ್ತಿರ ಬಂದು ಒಂದು ಗುಂಡಿಯನ್ನು ಬೆರಳಿನಿಂದ ಮುಟ್ಟಿದರು. ಅವರ ಮುಖ ಮೆಲ್ಲಗೆ ಕೆಂಪಾಯಿತು.

"ಗುಂಡಿ," ಎಂದರು ತಮಗೆ ತಾವೇ. "ಅಂಗಿಗೆ ಹಾಕೋ ಗುಂಡಿಯ ಗುಂಡಿ. ಅದೇ ಪದ, ಬೇರೆ ಅರ್ಥ. ಐದನೇ ತರಗತೀಲೇ ಪಾಠ ಮಾಡ್ತಿದ್ದೆನಲ್ಲ!"

ಷಡ್ಡಕ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ನಗಲು ಶುರುಮಾಡಿದವನು ನಿಲ್ಲಿಸುವ ಹಾಗೆ ಕಾಣಲಿಲ್ಲ. "ಭಾವಾ... ಹನ್ನೊಂದು ಸಲ ಹೋಗಿದೀನಿ... ವಿಮಾನದಲ್ಲಿ ಕಕ್ಕಸು ನೋಡಿದೀನಿ... ಕಕ್ಕಸಲ್ಲಿ ವಿಮಾನ ಇದೇ ಮೊದಲು!"

ಇನ್‌ಸ್ಪೆಕ್ಟರು ಮಾತ್ರ ನಗಲಿಲ್ಲ. ಅವರು ಕಂಗಾಲಾಗಿದ್ದರು.

"ಈಗ ನಾನೇನ್ ಮಾಡ್ಲಿ? ಗುಂಡಿ ಇದೆ ಅಂತ ನೀವೇ ಬಂದು ಒಪ್ಕೊಂಡಿದೀರಿ, ಮುದ್ರೆ ಬಿದ್ದಿದೆ. ಎರಡು ಟ್ರ್ಯಾಕ್ಟರ್ ಮಣ್ಣು ಮಂಜೂರಾಗಿದೆ. ಗುಂಡಿ ಇರ್ಲಿಲ್ಲ ಅಂತ ನಾನು ಬರೆದ್ರೆ, ಮಣ್ಣು ಯಾಕೆ ತಗೊಂಡೆ ಅಂತ ನನ್ನನ್ನ ಗುಂಡೀಲಿ ಹಾಕ್ತಾರೆ. ಒಂದು ಉಪಕಾರ ಮಾಡಿ ಸಾರ್. 'ಕಕ್ಕಸು ಗುಂಡಿಗಳನ್ನು ಮುಚ್ಚಿದ್ದೇನೆ' ಅಂತ ಒಂದು ಸಾಲು ಬರೆದು ಸಹಿ ಹಾಕ್ಬಿಡಿ. ಫೈಲು ಮುಗಿಯುತ್ತೆ."

"ಏನಂತ? ಕಕ್ಕಸು ಅಂತ ನಾನು ಸಹಿ ಹಾಕ್ಬೇಕಾ? ಪ್ರಾಣ ಹೋದ್ರೂ ಹಾಕಲ್ಲ!"

"ಹಾಕ್ದೇ ಇದ್ರೆ ನೋಟಿಸಿನ ಪ್ರಕಾರ ತೆರವು ಮಾಡ್ಬೇಕಾಗುತ್ತೆ. ನನ್ನ ಕೈಲಿಲ್ಲ." ಇನ್‌ಸ್ಪೆಕ್ಟರು ಬಹಳ ಬೇಸರದಿಂದ ಆಳುಗಳ ಕಡೆ ನೋಡಿದರು. ಆಳುಗಳು ಬಹಳ ಬೇಸರದಿಂದ ಹಾರೆ ಎತ್ತಿಕೊಂಡರು.

ಲಿಫ್ಟಪ್ಪನವರು ಎರಡೂ ಕೈ ಚಾಚಿ ಹಲಗೆಗೆ ಅಡ್ಡ ನಿಂತರು. "ಮೊದಲು ನನ್ನ ಒಡೀರಿ! ಆಮೇಲೆ ಇದನ್ನ!" ಹಿಂದಿನಿಂದ ಅವರ ಬೆನ್ನು ಯಾವುದೋ ಗುಂಡಿಯನ್ನು ಒತ್ತಿ, ದನಿಪೆಟ್ಟಿಗೆಯ ಹೆಂಗಸು "ಬಾಗಿಲಿಗೆ ಅಡ್ಡ ನಿಲ್ಲಬೇಡಿ" ಎಂದಳು.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ರೀ, ಸ್ವಲ್ಪ ಸರೀರಿ."

ಕಪಾಟು ತೆರೆದಳು. ಮಡಿಚಿಟ್ಟಿದ್ದ ಗವಸನ್ನು ತೆಗೆದು ಒಂದು ಸಲ ಕೊಡವಿದಳು. ಎಡತುದಿಗೆ ಸಿಕ್ಕಿಸಿ, ಬಲತುದಿಗೆ ಎಳೆದು, ಎಲಾಸ್ಟಿಕ್ಕನ್ನು ಹಲಗೆಯ ಕೆಳಗೆ ಕೂರಿಸಿದಳು. ಅಳತೆ ಒಂದು ನೂಲಿನಷ್ಟೂ ತಪ್ಪಿರಲಿಲ್ಲ. ಇನ್ನೂರ ಹದಿನಾಲ್ಕು ಗುಂಡಿಯಲ್ಲಿ ಒಂದೂ ಹೊರಗೆ ಕಾಣಲಿಲ್ಲ.

"ಗುಂಡಿ ಮುಚ್ಚಿದ್ದಾಯ್ತಲ್ಲ?" ಎಂದಳು ಇನ್‌ಸ್ಪೆಕ್ಟರಿಗೆ. "ಬರ್ಕೊಳ್ಳಿ ಅಣ್ಣ. 'ಮಹಡಿಯಲ್ಲಿದ್ದ ಇನ್ನೂರ ಹದಿನಾಲ್ಕು ಗುಂಡಿಗಳನ್ನೂ ಪೂರ್ತಿಯಾಗಿ ಮುಚ್ಚಲಾಗಿದೆ.' ಕಕ್ಕಸು ಅನ್ನೋ ಮಾತು ಬೇಡ. ಮೇಷ್ಟ್ರೇ, ಇದರಲ್ಲಿ ಸುಳ್ಳೇನಾದ್ರೂ ಇದೆಯಾ?"

ಮೇಷ್ಟರು ಗವಸಿನ ಈ ಅಂಚಿನಿಂದ ಆ ಅಂಚಿನವರೆಗೆ ಒಬ್ಬ ಪರೀಕ್ಷಕನ ಕಣ್ಣಿನಿಂದ ನೋಡಿದರು. "ಇಲ್ಲಮ್ಮ. ವ್ಯಾಕರಣದ ಪ್ರಕಾರ ಸಂಪೂರ್ಣ ಸತ್ಯ."

ಇನ್‌ಸ್ಪೆಕ್ಟರು ಅಲ್ಲೇ ನೆಲದ ಮೇಲೆ ಕೂತು ಬರೆದರು. ಲಿಫ್ಟಪ್ಪನವರು ನಾಲ್ಕು ಸಲ ಓದಿ ಸಹಿ ಹಾಕಿದರು. ಮೇಷ್ಟರು ಸಾಕ್ಷಿ ಹಾಕಿದರು, ಒಂದು ಒತ್ತಕ್ಷರ ತಿದ್ದಿದರು.

"ಮತ್ತೆ ಆ ಮಣ್ಣು?" ಎಂದ ಒಬ್ಬ ಆಳು.

"ಕಾಗದದ ಪ್ರಕಾರ ಗುಂಡಿ ಮುಚ್ಚಿದೆ. ಮಣ್ಣು ವಾಪಸ್ ಹೋಗೋ ಹಾಗಿಲ್ಲ," ಎಂದರು ಇನ್‌ಸ್ಪೆಕ್ಟರು. ಕಿಟಕಿಯಿಂದ ಬಗ್ಗಿ ನೋಡಿದರು. ಷಡ್ಡಕನ ಕಾರು ಗುಂಡಿಯಲ್ಲಿ ಒಂದು ಕಡೆಗೆ ವಾಲಿಕೊಂಡಿತ್ತು. "ಅಲ್ಲೇ ಎಲ್ಲಾದ್ರೂ ಸುರೀರಿ. ಎಲ್ಲಿ ತಗ್ಗಿದೆಯೋ ಅಲ್ಲಿ."

ಹೀಗೆ ಒಂಬತ್ತು ಅರ್ಜಿಯಿಂದ ಆಗದ ಕೆಲಸ ಒಂದು ತಪ್ಪು ಅರ್ಜಿಯಿಂದ ಆಯಿತು. ಮೇಷ್ಟರು ಸಂತೋಷಪಡಬೇಕೋ ನಾಚಿಕೆಪಡಬೇಕೋ ತಿಳಿಯದೆ, ಎರಡನ್ನೂ ಸ್ವಲ್ಪ ಸ್ವಲ್ಪ ಪಟ್ಟುಕೊಂಡರು.

* * *

"ಎಲ್ಲಾ ಸರಿ ಭಾವ," ಎಂದ ಷಡ್ಡಕ ಕಣ್ಣೊರೆಸಿಕೊಳ್ಳುತ್ತ. "ಹಾರಿಸ್ತೀನಿ ಅಂದಿದ್ರಲ್ಲ? ಇಳಿಸ್ತೀನಿ ಅಂದಿದ್ರಲ್ಲ?"

ಲಿಫ್ಟಪ್ಪನವರು ಅವನ ಭುಜ ಹಿಡಿದು ಕ್ಷೌರದ ಕುರ್ಚಿಗೆ ತಳ್ಳಿದರು. ತಾವು ಬಸ್ಸಿನ ಕುರ್ಚಿಯಲ್ಲಿ ಕೂತರು. ಗವಸನ್ನು ಕೀಳಲು ಕೈ ಚಾಚಿದರು.

"ಹಾಂ ಹಾಂ ಹಾಂ!" ಇನ್‌ಸ್ಪೆಕ್ಟರು ಚೀರಿದರು. "ಈಗ ತಾನೇ ಸಹಿ ಹಾಕಿದೀರಿ! ಮುಚ್ಚಿದ ಗುಂಡಿ ಮತ್ತೆ ತೆಗೆದ್ರೆ ಕೇಸಾಗುತ್ತೆ!"

"ಗುಂಡಿ ಇಲ್ದೆ ಇಳಿಸೋದು ಹೇಗ್ರೀ?"

"ನನಗೇನ್ರೀ ಗೊತ್ತು? ನಾನು ನೈರ್ಮಲ್ಯದವನು!"

ಕೈಗೆ ಸಿಗುವಂತೆ ಗವಸಿನ ಹೊರಗೆ ಉಳಿದದ್ದು ಮೂರೇ: ವಿಮಾನ ತಿರುಗಿಸುವ ಕೋಲು, ವೇಗದ ಸನ್ನೆಗೋಲು, ಕುಕ್ಕರಿನ ಹಿಡಿ. ಎಂಜಿನ್ ಬೆಳಿಗ್ಗೆಯಿಂದಲೇ ಚಾಲೂ ಇತ್ತು. ಲಿಫ್ಟಪ್ಪನವರು ಹಲ್ಲು ಕಚ್ಚಿ ವೇಗದ ಸನ್ನೆಗೋಲನ್ನು ಮುಂದಕ್ಕೆ ತಳ್ಳಿದರು. ಪರದೆಯಲ್ಲಿ ರನ್‌ವೇ ಓಡತೊಡಗಿತು. ನೆಲ ಕೆಳಗೆ ಬಿತ್ತು. "ಒಂದನೇ ಮಹಡಿ," ಎಂದಳು ಪೆಟ್ಟಿಗೆಯೊಳಗಿನ ಹೆಂಗಸು. "ಎರಡನೇ ಮಹಡಿ."

ನಾಲ್ಕನೇ ಮಹಡಿಯಲ್ಲಿ ಲಿಫ್ಟಪ್ಪನವರು ಎಡಕ್ಕೆ ತಿರುಗಿಸಿದರು. ದಿಗಂತ ವಾಲಿತು. ಷಡ್ಡಕನ ನಗು ಅಲ್ಲೇ ನಿಂತಿತು. ಹನ್ನೊಂದು ಸಲವೂ ಅವನು ಕಿಟಕಿಯ ಪರದೆ ಎಳೆದು, ಕಣ್ಣು ಮುಚ್ಚಿ ಕೂತಿದ್ದನೆಂಬುದು ಅವನ ಹೆಂಡತಿಗೂ ಗೊತ್ತಿರಲಿಲ್ಲ.

"ಭಾವ, ನೆಟ್ಟಗೆ... ನೆಟ್ಟಗೆ ಮಾಡಿ ಭಾವ..."

ಹೆದರಿದವನಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ಅವನು ಹಿಡಿದದ್ದು ಕುರ್ಚಿಯ ಹಿಡಿಯನ್ನು. ಕುರ್ಚಿ ಉಸ್ಸೆಂದು ಉಸಿರು ಬಿಡುತ್ತ ಕೆಳಕ್ಕೆ ಕುಸಿಯಿತು.

"ಬಿದ್ವಿ! ಬಿದ್ವಿ ಭಾವ! ಇಳಿಸಿ! ನನ್ನ ಇಳಿಸಿಬಿಡಿ! ಅಕ್ಕಾ!"

"ಇಳಿದಾಯ್ತಲ್ಲ, ಇನ್ನೆಷ್ಟು ಇಳೀತೀಯಪ್ಪ?" ಎಂದಳು ಆಕೆ.

ಆದರೆ ವಿಮಾನ ಇನ್ನೂ ಇಳಿಯಬೇಕಾಗಿತ್ತು. "ಎರಡನೇ ಮಹಡಿ. ಒಂದನೇ ಮಹಡಿ." ಲಿಫ್ಟಪ್ಪನವರ ಬೆರಳುಗಳು ಅಭ್ಯಾಸಬಲದಿಂದ ಗುಂಡಿಗಳ ಕಡೆಗೆ ಓಡಿದವು. ಗವಸಿನ ಮೇಲೆ ಜಾರಿ ವಾಪಸಾದವು. ಮತ್ತೆ ಓಡಿದವು, ಮತ್ತೆ ಜಾರಿದವು. ಆಳುಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

"ರೀ," ಎಂದಳು ಹೆಂಡತಿ ಹಿಂದಿನಿಂದ, ಮೆತ್ತಗೆ. "ನೆಲ ನೋಡಿ."

ಬೇರೇನೂ ಮಾಡಲು ಇಲ್ಲದ್ದರಿಂದ ಲಿಫ್ಟಪ್ಪನವರು ನೆಲ ನೋಡಿದರು. ಕುಕ್ಕರಿನ ಹಿಡಿ ಎಳೆದರು, ಚಕ್ರ ಇಳಿಯಿತು. ಇಪ್ಪತ್ತಾರು ವರ್ಷ ಲಿಫ್ಟುಗಳನ್ನು ಯಾವ ನಾಜೂಕಿನಿಂದ ಮಹಡಿಯ ಮಟ್ಟಕ್ಕೆ ತಂದು ನಿಲ್ಲಿಸುತ್ತಿದ್ದರೋ ಅದೇ ನಾಜೂಕಿನಿಂದ ಕೋಲನ್ನು ಒಂದಿಷ್ಟೇ ಇಷ್ಟು ಹಿಂದಕ್ಕೆ ತಂದರು. ಪರದೆ ಒಮ್ಮೆ ನಡುಗಿತು. ಕೆಂಪಾಗಲಿಲ್ಲ. ರನ್‌ವೇ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು.

ಎಲ್ಲರೂ ದನಿಪೆಟ್ಟಿಗೆಯ ಕಡೆ ತಿರುಗಿದರು.

"ನೆಲ ಮಹಡಿ," ಎಂದಳು ಪೆಟ್ಟಿಗೆಯೊಳಗಿನ ಹೆಂಗಸು, ವರ್ಷದಲ್ಲಿ ಮೊದಲ ಸಲ. "ದಯವಿಟ್ಟು ನಿಧಾನವಾಗಿ ಇಳಿಯಿರಿ."

ಆಳುಗಳು ಬುಟ್ಟಿ ಬಡಿದು ಚಪ್ಪಾಳೆ ತಟ್ಟಿದರು. ಮೇಷ್ಟರು "ಭಲೇ!" ಎಂದರು. ಷಡ್ಡಕನನ್ನು ಕುರ್ಚಿಯಿಂದ ಇಬ್ಬರು ಸೇರಿ ಎತ್ತಬೇಕಾಯಿತು. ಲಿಫ್ಟಪ್ಪನವರು ಎದ್ದು ನಿಂತು, ಒಂದು ವಾರದಿಂದ ಎದೆಯಲ್ಲಿ ತುಂಬಿಟ್ಟಿದ್ದ ಸಿಟ್ಟನ್ನೆಲ್ಲ ಒಂದೇ ಮಾತಿಗೆ ಸುರಿದರು.

"ನೋಡಿದ್ರಾ? ಯಾವುದನ್ನ ನೀವೆಲ್ಲಾ ಸೇರಿ ಕಕ್ಕಸು ಅಂದ್ರೋ, ಆ ನನ್ನ ಇನ್ನೂರ ಹದಿನಾಲ್ಕು ಗುಂಡಿ..."

"ಒಂದೂ ಬೇಕಾಗ್ಲಿಲ್ಲ," ಎಂದಳು ಹೆಂಡತಿ. "ಹಾಗಾದ್ರೆ ನನ್ನ ಹದಿನಾಲ್ಕು ಬಿಚ್ಚಿಕೊಟ್ಬಿಡಿ. ಆ ಕೋಟಿನವರು ನಾಳೆ ಬರ್ತಾರೆ."

ಲಿಫ್ಟಪ್ಪನವರು ಹೆಂಡತಿಯನ್ನು ನೋಡಿದರು. ಗವಸನ್ನು ನೋಡಿದರು. ಆಮೇಲೆ ಗವಸಿನ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಕಾನೂನಿಗೆ ತಲೆಬಾಗುವ ಮನುಷ್ಯನ ಗಾಂಭೀರ್ಯದಿಂದ ಹೇಳಿದರು:

"ಆಗಲ್ಲ ಕಣೇ. ಮುಚ್ಚಿದ ಗುಂಡಿ ಮತ್ತೆ ತೆಗೆದ್ರೆ ಕೇಸಾಗುತ್ತೆ. ಬೇಕಾದ್ರೆ ಇನ್‌ಸ್ಪೆಕ್ಟರನ್ನೇ ಕೇಳು."